ಹಿಂದುಳಿದ ಪ್ರದೇಶಕ್ಕೆ ಹಣ ಕೊಡುವುದೋ, ಅಲ್ಲಿನ ಜನರಿಗೆ ದಾರಿ ತೆರೆಯುವುದೋ?

ಪ್ರಶ್ನೆ

ಪ್ರದೇಶ ಪ್ರದೇಶಗಳ ನಡುವಿನ, ದೇಶ ದೇಶಗಳ ನಡುವಿನ ಆರ್ಥಿಕ ಅಸಮಾನತೆಯ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿರುವುದರಿಂದ, ನನಗಿಂತ ಹೆಚ್ಚು ತಿಳಿದವರ ಮುಂದೆ ಅದನ್ನು ಇಡುತ್ತಿದ್ದೇನೆ.

ಇಟಲಿ ತನ್ನ ಬಡ ದಕ್ಷಿಣ ಭಾಗಕ್ಕೆಂದೇ 1950ರಲ್ಲಿ ಪ್ರತ್ಯೇಕ ನಿಧಿಯೊಂದನ್ನು ಸ್ಥಾಪಿಸಿ, 1984ರವರೆಗೆ ಅದರ ಮೂಲಕ ರಸ್ತೆ, ನೀರಾವರಿ, ಕಾರ್ಖಾನೆಗಳಿಗೆ ಹಣ ಹರಿಸಿತು. ಹಾಗಿದ್ದರೂ ದಕ್ಷಿಣದ ತಲಾ ಉತ್ಪನ್ನ ಇಂದಿಗೂ ಉತ್ತರ ಮತ್ತು ಮಧ್ಯ ಇಟಲಿಯ ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಇದೆ. ಜರ್ಮನಿ 1990ರ ಏಕೀಕರಣದ ನಂತರ ಪೂರ್ವ ಭಾಗಕ್ಕೆ ಮಾಡಿದ ವೆಚ್ಚ ಇನ್ನೂ ದೊಡ್ಡದು. ಅಲ್ಲಿ ಅಂತರ ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಮುಚ್ಚಿಲ್ಲ. ಇನ್ನೊಂದು ಕಡೆ ಐರ್ಲೆಂಡ್ 1973ರಲ್ಲಿ ಯುರೋಪಿಯನ್ ಸಮುದಾಯವನ್ನು ಸೇರಿದಾಗ ಅದರ ಬಡ ಸದಸ್ಯರಲ್ಲಿ ಒಂದಾಗಿದ್ದು, ಶತಮಾನ ಮುಗಿಯುವಷ್ಟರಲ್ಲಿ ಸರಾಸರಿಯನ್ನು ದಾಟಿಹೋಯಿತು. ಅದೇ ಸಮುದಾಯದ ಅದೇ ನಿಧಿಗಳಿಂದ ನೆರವು ಪಡೆದ ಗ್ರೀಸ್ ಮಾತ್ರ 2008ರ ನಂತರದ ಕೆಲವೇ ವರ್ಷಗಳಲ್ಲಿ ತನ್ನ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗವನ್ನು ಕಳೆದುಕೊಂಡಿತು.

ಒಂದೇ ಔಷಧ ಒಬ್ಬ ರೋಗಿಗೆ ಹಿಡಿಸಿ ಇನ್ನೊಬ್ಬನಿಗೆ ಹಿಡಿಸದಿದ್ದರೆ ತಪ್ಪು ಔಷಧದ್ದೋ, ಕೊಟ್ಟ ಕ್ರಮದ್ದೋ, ರೋಗವನ್ನು ಗುರುತಿಸಿದ್ದರಲ್ಲೇ ಎಡವಟ್ಟಾಗಿದೆಯೋ? ಹಿಂದುಳಿದ ಪ್ರದೇಶಕ್ಕೆ ಹಣ ಕೊಡುವುದು ವ್ಯರ್ಥ, ಅಲ್ಲಿನ ಜನರಿಗೆ ಶಿಕ್ಷಣ ಕೊಟ್ಟು ಅವಕಾಶವಿರುವ ಕಡೆಗೆ ಹೋಗಲು ಬಿಡುವುದೇ ಸರಿ ಎಂದು ಕೆಲವು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. ಹಾಗೆ ಮಾಡಿದರೆ ಊರುಗಳು ಖಾಲಿಯಾಗಿ, ಉಳಿದವರು ಇನ್ನಷ್ಟು ಬಡವರಾಗುತ್ತಾರೆ ಎಂಬುದು ಎದುರು ಪಕ್ಷದ ವಾದ. ಎರಡೂ ಕಡೆ ಪುರಾವೆಗಳು ಇರುವಂತೆ ಕಾಣುತ್ತವೆ. ತಾವು ಇದನ್ನು ಹೇಗೆ ನೋಡುತ್ತೀರಿ? ಒಂದು ದೇಶದ ಒಳಗಿನ ಅನುಭವದಿಂದ ಕಲಿತದ್ದನ್ನು ದೇಶಗಳ ನಡುವಿನ ಅಂತರಕ್ಕೂ ಅನ್ವಯಿಸಬಹುದೇ?

ಮೊದಲ ಉತ್ತರ

ಇಟಲಿಯ ಉದಾಹರಣೆಯನ್ನು ಸೋಲಿನ ಕಥೆ ಎಂದು ಒಂದೇ ಮಾತಿನಲ್ಲಿ ಹೇಳುವುದು ವಾಡಿಕೆಯಾಗಿದೆ. ಆದರೆ ಆ ಮೂವತ್ತನಾಲ್ಕು ವರ್ಷಗಳನ್ನು ಒಂದೇ ಗಂಟಾಗಿ ನೋಡಿದರೆ ಅದರಿಂದ ಕಲಿಯಬೇಕಾದದ್ದೇ ತಪ್ಪಿಹೋಗುತ್ತದೆ. 1950ರ ದಶಕದ ಆರಂಭದಿಂದ 1970ರ ದಶಕದ ಮೊದಲ ವರ್ಷಗಳವರೆಗೆ ದಕ್ಷಿಣವು ಉತ್ತರಕ್ಕೆ ನಿಜವಾಗಿಯೂ ಹತ್ತಿರವಾಗುತ್ತ ಬಂದಿತ್ತು. ಇಟಲಿ ಒಂದು ದೇಶವಾದ ನಂತರದ ಇಡೀ ಚರಿತ್ರೆಯಲ್ಲಿ ಅಂತರ ಸ್ಪಷ್ಟವಾಗಿ ಕಡಿಮೆಯಾದ ಕಾಲವೆಂದರೆ ಅದೊಂದೇ. ಆಮೇಲೆ ಅದು ನಿಂತುಹೋಯಿತು. ಆದ್ದರಿಂದ ಹಣ ಕೆಲಸ ಮಾಡಿತೇ ಎಂದು ಕೇಳುವುದಕ್ಕಿಂತ, ಯಾವಾಗಿನವರೆಗೆ ಮಾಡಿತು, ನಡುವೆ ಏನು ಬದಲಾಯಿತು ಎಂದು ಕೇಳುವುದು ಒಳ್ಳೆಯದು.

ಮೊದಲ ಹಂತದಲ್ಲಿ ನಿಧಿಯ ಹಣ ಹೋದದ್ದು ನೀರಿನ ಕೊಳವೆಗಳಿಗೆ, ಜೌಗು ಭೂಮಿಯನ್ನು ಒಣಗಿಸುವುದಕ್ಕೆ, ರಸ್ತೆಗಳಿಗೆ, ಭೂಸುಧಾರಣೆಗೆ. ಯೋಜನೆಗಳನ್ನು ಆರಿಸುತ್ತಿದ್ದವರು ಬಹುಮಟ್ಟಿಗೆ ಎಂಜಿನಿಯರುಗಳು. ಸಾಮಾನ್ಯ ಸರ್ಕಾರಿ ಇಲಾಖೆಗಳ ಹಿಡಿತದಿಂದ ಆ ಸಂಸ್ಥೆಯನ್ನು ಬೇಕೆಂದೇ ಹೊರಗಿಡಲಾಗಿತ್ತು. 1957ರ ಕಾನೂನು ಸರ್ಕಾರಿ ಒಡೆತನದ ಉದ್ಯಮಗಳು ತಮ್ಮ ಹೊಸ ಕಾರ್ಖಾನೆಗಳ ಹೂಡಿಕೆಯಲ್ಲಿ 60 ಪ್ರತಿಶತವನ್ನು ದಕ್ಷಿಣದಲ್ಲಿ ಮಾಡಬೇಕೆಂದು ಕಡ್ಡಾಯಗೊಳಿಸಿತು. ಅಲ್ಲಿಂದ ಮುಂದೆ ತಾರಾಂಟೊದ ಉಕ್ಕಿನ ಕಾರ್ಖಾನೆ, ತೈಲ ಶುದ್ಧೀಕರಣ ಘಟಕಗಳು, ರಾಸಾಯನಿಕ ಸ್ಥಾವರಗಳು ಒಂದರ ಹಿಂದೆ ಒಂದು ಎದ್ದವು. ಇವು ಬಂಡವಾಳವನ್ನು ಬಹಳವಾಗಿ ಬೇಡುವ, ಆದರೆ ಸುತ್ತಲಿನವರಿಂದ ಕೊಳ್ಳುವುದು ಕಡಿಮೆ ಇರುವ ಉದ್ಯಮಗಳು. ಯಂತ್ರ ಉತ್ತರದಿಂದ ಬಂತು, ವ್ಯವಸ್ಥಾಪಕರು ಉತ್ತರದಿಂದ ಬಂದರು, ಬಿಡಿಭಾಗಗಳೂ ಉತ್ತರದಿಂದಲೇ ಬಂದವು. ಇಟಲಿಯ ಜನ ಇವುಗಳಿಗೆ ‘ಮರುಭೂಮಿಯ ಮಹಾಚರ್ಚುಗಳು’ ಎಂದು ಹೆಸರಿಟ್ಟದ್ದು ಬರೀ ಕುಹಕವಲ್ಲ. 1973ರ ತೈಲ ಬಿಕ್ಕಟ್ಟಿನಿಂದ ಈ ಉದ್ಯಮಗಳೇ ಮೊದಲು ಕುಸಿದವು. ಜೋಯಾ ತೌರೊದಲ್ಲಿ ಉಕ್ಕಿನ ಕಾರ್ಖಾನೆಗಾಗಿ ನೆಲ ಸಮಗೊಳಿಸಿ ಬಂದರನ್ನೂ ತೋಡಿದರು, ಆದರೆ ಕಾರ್ಖಾನೆ ಬರಲೇ ಇಲ್ಲ. ಆ ಬಂದರು 1990ರ ದಶಕದಲ್ಲಿ ಕಂಟೇನರ್ ಹಡಗುಗಳ ತಾಣವಾಗಿ ಬದುಕಿಕೊಂಡಿತು ಎಂಬುದು ಬೇರೆ ಮಾತು.

ಅಷ್ಟರಲ್ಲಿ ನಿಧಿಯ ಆಡಳಿತವೂ ಬದಲಾಗಿತ್ತು. 1970ರ ದಶಕದಲ್ಲಿ ಪಕ್ಷ ರಾಜಕಾರಣ ಒಳಹೊಕ್ಕಿ, ಯೋಜನೆಗಳ ಆಯ್ಕೆ ಮತಗಳ ಲೆಕ್ಕಾಚಾರಕ್ಕೆ ಸಿಕ್ಕಿಬಿದ್ದಿತು. ಹಣದ ಮೊತ್ತ ಇಳಿಯಲಿಲ್ಲ, ಅದನ್ನು ಬಳಸುವವರ ಸ್ವಾತಂತ್ರ್ಯ ಮತ್ತು ಯೋಗ್ಯತೆ ಇಳಿದವು. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಒಂದು ಪ್ರದೇಶಕ್ಕೆ ಎಷ್ಟು ಹಣ ಬಂತು ಎಂಬುದಕ್ಕಿಂತ, ಬಂದ ಹಣದಲ್ಲಿ ಎಷ್ಟು ಅಲ್ಲೇ ಎರಡು ಮೂರು ಸುತ್ತು ತಿರುಗಿತು ಎಂದು ನೋಡಬೇಕು. ಒಂದೇ ಸುತ್ತಿನಲ್ಲಿ ಶ್ರೀಮಂತ ಪ್ರದೇಶದ ಗುತ್ತಿಗೆದಾರನಿಗೋ ಯಂತ್ರ ಮಾರುವವನಿಗೋ ಹಿಂದಿರುಗುವ ಹಣವನ್ನು ಹಿಂದುಳಿದ ಪ್ರದೇಶದ ಲೆಕ್ಕದಲ್ಲಿ ಬರೆಯುವುದೇ ತಪ್ಪು.

ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1950ರ ದಶಕದಲ್ಲೇ ಇದರ ಹಿಂದಿನ ಕಾರಣವನ್ನು ವಿವರಿಸಿದ್ದರು. ಒಂದು ಕಡೆ ಉದ್ಯಮ ಬೆಳೆಯತೊಡಗಿದರೆ ಬಂಡವಾಳ, ಕುಶಲಿಗಳು, ವ್ಯಾಪಾರ ಎಲ್ಲವೂ ಅತ್ತ ಸೇರುತ್ತವೆ. ಹಾಗೆ ಸೇರಿದ್ದೇ ಇನ್ನಷ್ಟು ಸೇರುವುದಕ್ಕೆ ಕಾರಣವಾಗುತ್ತದೆ. ಹೊರಗಿನಿಂದ ಯಾರೂ ಕೈಹಾಕದಿದ್ದರೆ ಮಾರುಕಟ್ಟೆ ತಾನಾಗಿ ಅಂತರವನ್ನು ಸರಿದೂಗಿಸುತ್ತದೆ ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ.

ಕೈಹಾಕುವುದೂ ತಪ್ಪಾಗಬಹುದು ಎಂಬುದಕ್ಕೆ ಭಾರತದ ಸರಕು ಸಾಗಣೆ ವೆಚ್ಚ ಸಮೀಕರಣ ನೀತಿಯಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಉಕ್ಕಿನಂಥ ಮೂಲ ಸಾಮಗ್ರಿಗಳು ದೇಶದ ಎಲ್ಲ ಕಡೆಯೂ ಒಂದೇ ಬೆಲೆಗೆ ಸಿಗುವಂತೆ ಸರ್ಕಾರ ಸಾಗಣೆ ವೆಚ್ಚವನ್ನು ಸಮ ಮಾಡಿತು. ಎಲ್ಲ ಪ್ರದೇಶಗಳಿಗೂ ಸಮಾನ ಅವಕಾಶ ಕೊಡುವುದೇ ಉದ್ದೇಶವಾಗಿತ್ತು. ಆದರೆ ಗಣಿಗಳ ಪಕ್ಕದಲ್ಲಿದ್ದುದರಿಂದ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಮಧ್ಯಪ್ರದೇಶಗಳಿಗೆ ಇದ್ದ ಒಂದೇ ಒಂದು ಸಹಜ ಅನುಕೂಲವನ್ನು ಅದು ಕಿತ್ತುಕೊಂಡಿತು. ಹತ್ತಿ ಬೆಳೆಯುವ ಪ್ರದೇಶಕ್ಕೆ ಇದ್ದ ಅನುಕೂಲವನ್ನು ಮಾತ್ರ ಯಾರೂ ಹೀಗೆ ಸಮ ಮಾಡಲಿಲ್ಲ. ಸಮಾನತೆಯ ಹೆಸರಿನಲ್ಲಿ ಅಸಮಾನತೆ ಬೆಳೆಯಬಲ್ಲದು ಎಂಬುದನ್ನು ನೀತಿ ರೂಪಿಸುವವರು ಎಷ್ಟು ಸಲ ನೆನಪಿಸಿಕೊಂಡರೂ ಕಡಿಮೆಯೇ.

ಎರಡನೆಯ ಉತ್ತರ

ಮೇಲಿನ ಉತ್ತರದ ಇಟಲಿ ಭಾಗವನ್ನು ಒಪ್ಪುತ್ತೇನೆ. ಆದರೆ ಇಡೀ ಉತ್ತರದಲ್ಲಿ ಜನ ಎಲ್ಲೂ ಚಲಿಸುವುದೇ ಇಲ್ಲ ಎಂಬುದನ್ನು ಗಮನಿಸಬೇಕು. 1950ರಿಂದ 1970ರವರೆಗಿನ ಅದೇ ಅವಧಿಯಲ್ಲಿ ದಕ್ಷಿಣ ಇಟಲಿಯಿಂದ ಲಕ್ಷಗಟ್ಟಲೆ ಜನ ಉತ್ತರದ ಕಾರ್ಖಾನೆ ನಗರಗಳಿಗೂ, ಜರ್ಮನಿ, ಸ್ವಿಟ್ಜರ್ಲೆಂಡ್, ಬೆಲ್ಜಿಯಮ್‌ಗಳಿಗೂ ದುಡಿಯಲು ಹೋದರು. ಅಂತರ ಕಡಿಮೆಯಾದದ್ದರಲ್ಲಿ ಅವರ ಪಾಲೂ ಇದೆ. ಭೂಮಿಯ ಮೇಲಿನ ಒತ್ತಡ ಇಳಿಯಿತು, ಮನೆಗೆ ಹಣ ಬಂತು, ಉಳಿದವರ ಕೂಲಿ ಏರಿತು. ಎಲ್ಲ ಶ್ರೇಯಸ್ಸನ್ನೂ ನಿಧಿಗೆ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಜನರ ಚಲನೆಯನ್ನು ತಡೆದರೆ ಏನಾಗುತ್ತದೆ ಎಂಬುದನ್ನು ಚೀನಾದಲ್ಲಿ ಕಾಣಬಹುದು. 1958ರಿಂದ ಜಾರಿಯಲ್ಲಿರುವ ಹುಕೌ ಎಂಬ ವಾಸಸ್ಥಳ ನೋಂದಣಿ ಪದ್ಧತಿ ಹಳ್ಳಿಯವರನ್ನು ದೀರ್ಘಕಾಲ ಹಳ್ಳಿಯಲ್ಲೇ ಕಟ್ಟಿಹಾಕಿತು. 1980ರಲ್ಲಿ ಶೆನ್‌ಜೆನ್ ಮೊದಲಾದ ಕರಾವಳಿಯ ವಿಶೇಷ ಆರ್ಥಿಕ ವಲಯಗಳು ಆರಂಭವಾದ ಮೇಲೆ ಕೋಟಿಗಟ್ಟಲೆ ಜನ ಅತ್ತ ಹೋದರೂ ನಗರದ ಶಾಲೆ, ಆಸ್ಪತ್ರೆ, ಪಿಂಚಣಿಗಳ ಪೂರ್ಣ ಹಕ್ಕು ಅವರಿಗೆ ಸಿಗಲಿಲ್ಲ. ತಂದೆತಾಯಿ ದೂರದ ನಗರದಲ್ಲಿ, ಮಕ್ಕಳು ಅಜ್ಜ ಅಜ್ಜಿಯ ಬಳಿ ಎಂಬ ಸ್ಥಿತಿ ಒಂದು ತಲೆಮಾರಿನ ಬಾಲ್ಯವಾಯಿತು. ಸರ್ಕಾರ 2000ದ ಹೊತ್ತಿಗೆ ಪಶ್ಚಿಮ ಪ್ರಾಂತಗಳ ಅಭಿವೃದ್ಧಿಗೆ ದೊಡ್ಡ ಯೋಜನೆ ಹಾಕಿಕೊಂಡು ರೈಲು, ಹೆದ್ದಾರಿ, ವಿದ್ಯುತ್ ಮಾರ್ಗಗಳನ್ನು ಕಟ್ಟಿತು. ಅದು ಬೇಕಾಗಿತ್ತು, ನಿಜ. ಆದರೆ ವಲಸೆ ಹೋದವನಿಗೆ ಹೋದ ಕಡೆ ಪೂರ್ಣ ನಾಗರಿಕನ ಸ್ಥಾನ ಸಿಕ್ಕಿದ್ದರೆ ಅಷ್ಟೇ ಹಣದಿಂದ ಆಗುತ್ತಿದ್ದ ಲಾಭ ಎಷ್ಟಿರಬಹುದೆಂದು ಯೋಚಿಸದೆ ಇರಲಾಗುವುದಿಲ್ಲ.

ಹಾಗೆಂದು ವಲಸೆಯೊಂದೇ ಪರಿಹಾರ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಜರ್ಮನಿಯ ಪೂರ್ವ ಭಾಗದ ಅನುಭವ ನನ್ನ ವಾದಕ್ಕೆ ವಿರುದ್ಧವಾಗಿದೆ. 1990ರ ಜುಲೈ 1ರಂದು ಪೂರ್ವದ ಕೂಲಿ, ಸಂಬಳಗಳನ್ನು ಒಂದಕ್ಕೆ ಒಂದರಂತೆ ಪಶ್ಚಿಮದ ನಾಣ್ಯವಾದ ಮಾರ್ಕಿಗೆ ಬದಲಾಯಿಸಿದರು. ಪೂರ್ವದ ಕಾರ್ಖಾನೆಗಳ ಉತ್ಪಾದಕತೆಯಾದರೋ ಪಶ್ಚಿಮದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ರಾತ್ರಿ ಬೆಳಗಾಗುವುದರೊಳಗೆ ಅವುಗಳ ಸರಕು ಯಾರೂ ಕೊಳ್ಳಲಾಗದಷ್ಟು ದುಬಾರಿಯಾಯಿತು. ಹೊರಟುಹೋದವರಲ್ಲಿ ಯುವಕರು, ಅದರಲ್ಲೂ ಓದಿದ ಯುವತಿಯರು ಹೆಚ್ಚು. ಅವರು ಹೋದ ಕಡೆ ಚೆನ್ನಾಗಿಯೇ ಬದುಕಿದರು. ಆದರೆ ಶಾಲೆಗಳು ಮುಚ್ಚಿದ, ಮುದುಕರೇ ಉಳಿದ ಊರುಗಳ ಬೇಸರ ಮುಂದೆ ರಾಜಕೀಯದಲ್ಲಿ ಹೇಗೆ ಹೊರಬಂತು ಎಂಬುದನ್ನು ಎಲ್ಲರೂ ನೋಡುತ್ತಿದ್ದಾರೆ. ವ್ಯಕ್ತಿಗೆ ಒಳ್ಳೆಯದಾದದ್ದು ಪ್ರದೇಶಕ್ಕೆ ಒಳ್ಳೆಯದಾಗಲಿಲ್ಲ. ಹೊರಡುವ ಸ್ವಾತಂತ್ರ್ಯದ ಜೊತೆಗೆ ಉಳಿಯಲು ಕಾರಣವೂ ಇರಬೇಕು ಎಂಬಷ್ಟಕ್ಕೆ ನನ್ನ ನಿಲುವನ್ನು ತಿದ್ದಿಕೊಳ್ಳುತ್ತೇನೆ.

ಮೂರನೆಯ ಉತ್ತರ

ಪ್ರಶ್ನೆಯಲ್ಲಿ ಬಂದ ಐರ್ಲೆಂಡ್ ಕುರಿತು ಒಂದು ಎಚ್ಚರಿಕೆ. 2015ರಲ್ಲಿ ಆ ದೇಶದ ಒಟ್ಟು ದೇಶೀಯ ಉತ್ಪನ್ನ ಒಂದೇ ವರ್ಷದಲ್ಲಿ ಸುಮಾರು 25 ಪ್ರತಿಶತ ಏರಿತೆಂದು ಲೆಕ್ಕ ಬಂತು. ಅಲ್ಲಿನ ಜನ ಆ ವರ್ಷ ಕಾಲು ಪಾಲು ಹೆಚ್ಚು ದುಡಿದದ್ದಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್ ಮೊದಲಾದ ಬೌದ್ಧಿಕ ಆಸ್ತಿಗಳನ್ನು ಕಾಗದದ ಮೇಲೆ ಅಲ್ಲಿಗೆ ವರ್ಗಾಯಿಸಿದ್ದವು, ಅಷ್ಟೆ. ಆ ಲೆಕ್ಕದ ಮೇಲೆ ನಂಬಿಕೆ ಉಳಿಯದೆ, ಇಂಥ ಏರುಪೇರುಗಳನ್ನು ಕಳೆದು ತೋರಿಸುವ ಬೇರೊಂದು ರಾಷ್ಟ್ರೀಯ ಆದಾಯದ ಅಳತೆಯನ್ನು ಐರ್ಲೆಂಡಿನ ಅಂಕಿಅಂಶ ಇಲಾಖೆಯೇ ಪ್ರಕಟಿಸತೊಡಗಿತು. ಐರ್ಲೆಂಡ್ ಮುಂದೆ ಬಂದದ್ದು ಸುಳ್ಳಲ್ಲ, ಆದರೆ ಅಂಕಿ ತೋರಿಸುವಷ್ಟಲ್ಲ. ಅದರ ಏಳಿಗೆಯ ಬೇರನ್ನು ಹುಡುಕುವುದಾದರೆ ಯುರೋಪಿನ ನಿಧಿಗಳಿಗಿಂತ ಮೊದಲು, 1967ರಲ್ಲಿ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿದ ನಿರ್ಧಾರವನ್ನು ನೋಡಬೇಕೆಂದು ನನಗೆ ಅನಿಸುತ್ತದೆ. ಕಂಪನಿಗಳು ಬಂದಾಗ ಕೆಲಸಕ್ಕೆ ಸೇರಲು ಓದಿದ ತಲೆಮಾರೊಂದು ಸಿದ್ಧವಾಗಿತ್ತು.

ಲಕ್ಸೆಂಬರ್ಗ್‌ನ ತಲಾ ಉತ್ಪನ್ನವೂ ಇದೇ ಬಗೆಯದು. ಪ್ರತಿದಿನ ಫ್ರಾನ್ಸ್, ಬೆಲ್ಜಿಯಮ್, ಜರ್ಮನಿಗಳಿಂದ ಗಡಿ ದಾಟಿ ಬಂದು ದುಡಿಯುವವರ ಉತ್ಪನ್ನ ಮೇಲಿನ ಅಂಕೆಯಲ್ಲಿ ಸೇರುತ್ತದೆ, ಅವರ ತಲೆಗಳು ಕೆಳಗಿನ ಭಾಜಕದಲ್ಲಿ ಸೇರುವುದಿಲ್ಲ. ದೊಡ್ಡ ನಗರಗಳನ್ನು ಸುತ್ತಲಿನ ಪ್ರದೇಶಗಳೊಡನೆ ಹೋಲಿಸುವಾಗಲೂ ಇದೇ ದೋಷ ನುಸುಳುತ್ತದೆ.

ದೇಶಗಳ ನಡುವಿನ ಅಂತರ ಹೆಚ್ಚಿತೇ ಕಡಿಮೆಯಾಯಿತೇ ಎಂಬುದಕ್ಕೂ ಒಂದೇ ಉತ್ತರವಿಲ್ಲ. ಪ್ರತಿ ದೇಶವನ್ನೂ ಒಂದೊಂದು ಘಟಕವಾಗಿ ಎಣಿಸಿದರೆ ಬರುವ ಚಿತ್ರ ಬೇರೆ, ಜನಸಂಖ್ಯೆಗೆ ತಕ್ಕ ತೂಕ ಕೊಟ್ಟರೆ ಬರುವ ಚಿತ್ರ ಬೇರೆ. ಚೀನಾ, ಭಾರತಗಳು ಬೆಳೆದದ್ದರಿಂದ ಎರಡನೆಯ ಲೆಕ್ಕದಲ್ಲಿ ಅಂತರ ಗಣನೀಯವಾಗಿ ಇಳಿದಿದೆ. 1980 ಮತ್ತು 1990ರ ದಶಕಗಳಲ್ಲಿ ಆಫ್ರಿಕಾದ ಅನೇಕ ಸಣ್ಣ ದೇಶಗಳು ಕುಗ್ಗಿದ್ದು ಮೊದಲನೆಯ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ವಾದಕ್ಕೆ ಇಳಿಯುವ ಮೊದಲು ಯಾವ ಲೆಕ್ಕದ ಮೇಲೆ ಮಾತನಾಡುತ್ತಿದ್ದೇವೆ ಎಂದು ಹೇಳಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂರೂ ಉತ್ತರಗಳಿಗೆ ಕೃತಜ್ಞತೆಗಳು. ಐರ್ಲೆಂಡಿನ ಅಂಕಿಯನ್ನು ನಾನು ಪರಿಶೀಲಿಸದೆ ಬಳಸಿದ್ದೆ. ಅದನ್ನು ತಿದ್ದಿಕೊಳ್ಳುತ್ತೇನೆ.

ನನ್ನ ಎರಡನೆಯ ಪ್ರಶ್ನೆ ಇನ್ನೂ ಉಳಿದಿದೆ. ಒಂದು ದೇಶದ ಒಳಗೆ ಶ್ರೀಮಂತ ಪ್ರದೇಶದಿಂದ ತೆರಿಗೆ ಎತ್ತಿ ಬಡ ಪ್ರದೇಶಕ್ಕೆ ಹಂಚಲು ಒಂದು ಸಾಮಾನ್ಯ ಖಜಾನೆ ಇರುತ್ತದೆ, ಜನ ಎಲ್ಲಿಗೆ ಬೇಕಾದರೂ ಹೋಗಬಹುದಾಗಿರುತ್ತದೆ. ದೇಶಗಳ ನಡುವೆ ಇವೆರಡೂ ಇಲ್ಲ. ಒಬ್ಬ ವ್ಯಕ್ತಿಯ ಆದಾಯ ಎಷ್ಟಿರುತ್ತದೆ ಎಂಬುದರಲ್ಲಿ ಅರ್ಧಕ್ಕಿಂತ ಹೆಚ್ಚು ಅವನು ಯಾವ ದೇಶದವನು ಎಂಬುದರಿಂದಲೇ ತೀರ್ಮಾನವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೊವಿಚ್ ಲೆಕ್ಕ ಹಾಕಿದ್ದಾರೆ. ಹಾಗಿರುವಾಗ ಆ ಖಜಾನೆಯ ಸ್ಥಾನದಲ್ಲಿ ನಿಲ್ಲಬಲ್ಲದ್ದು ಯಾವುದು? ಅಂತಾರಾಷ್ಟ್ರೀಯ ನೆರವೇ?

ನಾಲ್ಕನೆಯ ಉತ್ತರ

ನೆರವು ಆ ಸ್ಥಾನದಲ್ಲಿ ನಿಲ್ಲಲಾರದು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ 0.7 ಪ್ರತಿಶತವನ್ನು ಅಭಿವೃದ್ಧಿ ನೆರವಾಗಿ ಕೊಡಬೇಕೆಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1970ರಲ್ಲಿ ನಿರ್ಣಯಿಸಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ಗಳಂಥ ಕೆಲವು ದೇಶಗಳು ಬಹುಕಾಲ ಆ ಮಾತು ನಡೆಸಿದವು. ಎಲ್ಲ ದಾನಿ ದೇಶಗಳನ್ನು ಒಟ್ಟಾಗಿ ತೆಗೆದುಕೊಂಡರೆ ಮಾತ್ರ ಅದರ ಅರ್ಧದಷ್ಟು ತಲುಪುವುದೇ ಕಷ್ಟವಾಗಿದೆ. ಕೊಡುವುದೂ ಕೊಡದಿರುವುದೂ ದಾನಿಯ ಇಷ್ಟಕ್ಕೆ ಬಿಟ್ಟದ್ದಾದ್ದರಿಂದ, ಅದನ್ನು ನಂಬಿ ಯಾವ ಬಡ ದೇಶವೂ ಹತ್ತು ವರ್ಷದ ಶಾಲಾ ಯೋಜನೆ ಹಾಕಿಕೊಳ್ಳಲಾಗದು. ಒಂದು ದೇಶದ ಒಳಗಿನ ಹಂಚಿಕೆಗೆ ಕಾನೂನಿನ ಬಲವಿದೆ, ನೆರವಿಗೆ ಇರುವುದು ಔದಾರ್ಯದ ಬಲ ಮಾತ್ರ. ಲಸಿಕೆ, ಸೊಳ್ಳೆ ಪರದೆ, ಎಚ್‌ಐವಿ ಚಿಕಿತ್ಸೆಗಳಂಥ ಕಡೆ ಅದು ಅಸಂಖ್ಯ ಜೀವಗಳನ್ನು ಉಳಿಸಿದೆ ಎಂಬುದನ್ನು ಮರೆತು ಹೀಗೆ ಹೇಳುತ್ತಿಲ್ಲ.

ಖಜಾನೆಯ ಬದಲು ನಿಯಮಗಳನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯ ಉತ್ತರದಲ್ಲಿ ಹಣ ಎಷ್ಟು ಸುತ್ತು ಅಲ್ಲೇ ತಿರುಗುತ್ತದೆ ಎಂಬ ಮಾತು ಬಂತಲ್ಲ, ದೇಶಗಳ ಮಟ್ಟದಲ್ಲೂ ಪ್ರಶ್ನೆ ಅದೇ. ಕೋಕೋ ಬೆಳೆಯನ್ನು ತೆಗೆದುಕೊಳ್ಳಿ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ಬೆಳೆಯುತ್ತದೆ, ಆದರೆ ಚಾಕೊಲೇಟಿನ ಬೆಲೆಯಲ್ಲಿ ರೈತನಿಗೆ ಸಿಗುವುದು ಅತ್ಯಲ್ಪ. ಕಚ್ಚಾ ಸರಕಿಗೆ ಸುಂಕ ಕಡಿಮೆ, ಸಂಸ್ಕರಿಸಿದಷ್ಟೂ ಸುಂಕ ಹೆಚ್ಚು ಎಂಬ ಪದ್ಧತಿ ಶ್ರೀಮಂತ ದೇಶಗಳಲ್ಲಿ ಬಹುಕಾಲ ನಡೆದುಬಂದಿದೆ. ಅತಿ ಹಿಂದುಳಿದ ದೇಶಗಳ ಸರಕಿಗೆ ಶಸ್ತ್ರಾಸ್ತ್ರಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಯುರೋಪಿಯನ್ ಒಕ್ಕೂಟ 2001ರಲ್ಲಿ ಸುಂಕ ತೆಗೆದದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಈ ಎರಡು ಕೋಕೋ ದೇಶಗಳೂ ಸೇರಿ 2020ರ ಹಂಗಾಮಿನಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿ ಮೊತ್ತವನ್ನು ರೈತನ ಪಾಲಿಗೆಂದು ನಿಗದಿ ಮಾಡಿದವು. ಕೊಳ್ಳುವವರು ಆ 400 ಡಾಲರನ್ನು ಒಪ್ಪಿಕೊಂಡು, ಗುಣಮಟ್ಟಕ್ಕೆಂದು ಕೊಡುತ್ತಿದ್ದ ಬೇರೆ ಹೆಚ್ಚುವರಿಯನ್ನು ಇಳಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡರು ಎನ್ನೋಣ. ಚೌಕಾಸಿಯ ಬಲ ಇಲ್ಲದವನ ಬಳಿ ನ್ಯಾಯವಾದ ಬೆಲೆ ನಿಲ್ಲುವುದಿಲ್ಲ.

ಆ ಬಲವನ್ನು ಗಳಿಸಿಕೊಂಡ ದೇಶವಾಗಿ ಬೋಟ್ಸ್ವಾನಾ ನೆನಪಾಗುತ್ತದೆ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರ ಸಿಕ್ಕ ಬೇರೆ ದೇಶಗಳಲ್ಲಿ ಏನಾಯಿತೆಂದು ನಮಗೆ ಗೊತ್ತಿದೆ. ಬೋಟ್ಸ್ವಾನಾ ಗಣಿ ಕಂಪನಿಯೊಡನೆ ಪದೇ ಪದೇ ಕುಳಿತು ಮಾತನಾಡಿ, 1970ರ ದಶಕದಲ್ಲಿ ಜಂಟಿ ಸಂಸ್ಥೆಯಲ್ಲಿ ತನ್ನ ಪಾಲನ್ನು ಅರ್ಧಕ್ಕೆ ಏರಿಸಿಕೊಂಡಿತು. ಬಂದ ಹಣವನ್ನು ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹಾಕಿ ಮಿಕ್ಕದ್ದನ್ನು ಉಳಿತಾಯ ನಿಧಿಯಲ್ಲಿಟ್ಟಿತು. 2013ರಲ್ಲಿ ಕಚ್ಚಾ ವಜ್ರಗಳ ಮಾರಾಟವನ್ನೇ ಲಂಡನ್ನಿನಿಂದ ತನ್ನ ರಾಜಧಾನಿ ಗ್ಯಾಬರೋನ್‌ಗೆ ತರಿಸಿಕೊಂಡಿತು. ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮೊದಲು ಹೊರಬಂದದ್ದು ಅದೇ, 1994ರಲ್ಲಿ. ದೇಶದ ಒಳಗೆ ಆದಾಯದ ಅಸಮಾನತೆ ಇಂದಿಗೂ ವಿಪರೀತವಾಗಿದೆ, ನಿರುದ್ಯೋಗ ಹೆಚ್ಚಿದೆ, ಪ್ರಯೋಗಾಲಯದ ವಜ್ರಗಳು ಬಂದ ಮೇಲೆ ಒಂದೇ ಸರಕನ್ನು ನಂಬಿದ ಆರ್ಥಿಕತೆ ನಡುಗುತ್ತಿದೆ. ಆದರೂ ಒಪ್ಪಂದದ ಕಾಗದವನ್ನು ಓದಬಲ್ಲ, ಎದುರು ಕುಳಿತವನಿಗೆ ಇಲ್ಲ ಎನ್ನಬಲ್ಲ ಅಧಿಕಾರಿ ವರ್ಗವೊಂದು ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಆ ಪಟ್ಟಿಯ ವಿಚಾರದಲ್ಲಿ ಒಂದು ವಿಪರ್ಯಾಸವೂ ಇದೆ. 1971ರಲ್ಲಿ ಅದನ್ನು ಸಿದ್ಧಪಡಿಸಿದ ಮೇಲೆ 2024ರ ಅಂತ್ಯದವರೆಗೆ ಹೊರಬಂದ ದೇಶಗಳು ಎಂಟೇ ಎಂಟು. ಹೊರಬಂದ ದೇಶ ಸುಂಕ ವಿನಾಯಿತಿಯಂಥ ಸವಲತ್ತುಗಳನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಚೆನ್ನಾಗಿ ಓದಿ ತೇರ್ಗಡೆಯಾದ ವಿದ್ಯಾರ್ಥಿಯ ವೇತನವನ್ನು ಮರುದಿನ ನಿಲ್ಲಿಸಿದಂತೆ.

ಇನ್ನು ತೆರಿಗೆ ಮತ್ತು ಸಾಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಎಲ್ಲಿ ಲಾಭ ತೋರಿಸಿದರೂ ಕನಿಷ್ಠ 15 ಪ್ರತಿಶತ ತೆರಿಗೆ ಕಟ್ಟಬೇಕೆಂದು 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಒಪ್ಪಿದವು. ಆದರೆ ಕೊರತೆ ಬಿದ್ದ ತೆರಿಗೆಯನ್ನು ವಸೂಲು ಮಾಡುವ ಅವಕಾಶ ಬಹುತೇಕ ಕಂಪನಿಯ ಪ್ರಧಾನ ಕಚೇರಿ ಇರುವ ಶ್ರೀಮಂತ ದೇಶಕ್ಕೇ ಹೋಗುತ್ತದೆ ಎಂಬ ಆಕ್ಷೇಪದಿಂದ, ಆಫ್ರಿಕಾದ ದೇಶಗಳು ಈ ಚರ್ಚೆಯನ್ನು ವಿಶ್ವಸಂಸ್ಥೆಗೆ ತರಬೇಕೆಂದು ಪಟ್ಟುಹಿಡಿದವು. ಸಾಲದ ವಿಷಯದಲ್ಲಿ 1996 ಮತ್ತು 2005ರ ಸಾಲಮನ್ನಾಗಳು ಅನೇಕ ದೇಶಗಳಿಗೆ ಉಸಿರಾಡಲು ಬಿಟ್ಟವು. ಆಗ ಸಾಲ ಕೊಟ್ಟವರು ಬಹುಮಟ್ಟಿಗೆ ಸರ್ಕಾರಗಳು ಮತ್ತು ವಿಶ್ವಬ್ಯಾಂಕಿನಂಥ ಸಂಸ್ಥೆಗಳಾಗಿದ್ದವು. ಈಗ ಬಾಂಡ್ ಕೊಂಡ ಖಾಸಗಿಯವರೂ ಚೀನಾದ ಬ್ಯಾಂಕುಗಳೂ ಸೇರಿರುವುದರಿಂದ ಒಪ್ಪಂದ ಕಷ್ಟವಾಗಿದೆ. 2020ರ ನವೆಂಬರಿನಲ್ಲಿ ಕಂತು ಕಟ್ಟಲಾಗದೆ ಕೈಚೆಲ್ಲಿದ ಜಾಂಬಿಯಾ, ಬಾಂಡುದಾರರೊಡನೆ ಒಪ್ಪಂದ ಮುಗಿಸಲು 2024ರವರೆಗೆ ಕಾಯಬೇಕಾಯಿತು. ಆ ಮೂರೂವರೆ ವರ್ಷ ಹೊಸ ಹೂಡಿಕೆದಾರ ಅತ್ತ ಸುಳಿಯುವುದಾದರೂ ಹೇಗೆ?

ಎರಡನೆಯ ಉತ್ತರ ಬರೆದವರ ಚಲನೆಯ ವಾದಕ್ಕೆ ಇಲ್ಲೊಂದು ಪೂರಕ ಮಾತಿದೆ. ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಇಂದು ಅಧಿಕೃತ ನೆರವಿಗಿಂತ ಹಲವು ಪಟ್ಟು ಹೆಚ್ಚು. ಆ ಹಣ ಕಳಿಸುವ ಶುಲ್ಕವನ್ನು 2030ರೊಳಗೆ 3 ಪ್ರತಿಶತಕ್ಕಿಂತ ಕೆಳಗೆ ತರಬೇಕೆಂಬ ಗುರಿಯಿದೆ, ಆದರೆ ಸರಾಸರಿ ಇನ್ನೂ 6 ಪ್ರತಿಶತದ ಆಸುಪಾಸಿನಲ್ಲಿದೆ. ಯಾವ ಸಂಸತ್ತಿನ ಒಪ್ಪಿಗೆಯನ್ನೂ ಕಾಯದೆ ಮಾಡಬಹುದಾದ ಸುಧಾರಣೆಗಳಲ್ಲಿ ಇದೂ ಒಂದು.

ಐದನೆಯ ಉತ್ತರ

ಖಜಾನೆಯ ಮಾತು ಬಂದದ್ದರಿಂದ ಕೆನಡಾವನ್ನು ಸೇರಿಸಲು ಬಯಸುತ್ತೇನೆ. ಯೋಜನೆಗಳ ಆಯ್ಕೆಯನ್ನು ಯಾರು ಮಾಡಬೇಕು ಎಂಬ ಮೊದಲನೆಯ ಉತ್ತರದ ಚಿಂತೆಗೆ ಅಲ್ಲಿ ಬೇರೆಯದೇ ಪರಿಹಾರವಿದೆ. 1957ರಿಂದ ನಡೆದುಬಂದಿರುವ ಸಮೀಕರಣ ಪಾವತಿಯಲ್ಲಿ ಪ್ರತಿ ಪ್ರಾಂತವೂ ರಾಷ್ಟ್ರೀಯ ಸರಾಸರಿ ದರದಲ್ಲಿ ತೆರಿಗೆ ಹಾಕಿದರೆ ತಲಾ ಎಷ್ಟು ಎತ್ತಬಲ್ಲದು ಎಂದು ಲೆಕ್ಕ ಹಾಕಿ, ಕಡಿಮೆ ಬಿದ್ದವರಿಗೆ ಕೇಂದ್ರದ ತೆರಿಗೆಯಿಂದ ತುಂಬಿಕೊಡುತ್ತಾರೆ. ಹಣವನ್ನು ಹೇಗೆ ಖರ್ಚು ಮಾಡಬೇಕೆಂಬ ಷರತ್ತಿಲ್ಲ. ಸರಿಸುಮಾರು ಸಮಾನವಾದ ತೆರಿಗೆಗೆ ಸರಿಸುಮಾರು ಸಮಾನವಾದ ಸೇವೆ ಎಂಬ ತತ್ವವನ್ನು 1982ರ ಸಂವಿಧಾನ ಕಾಯ್ದೆಯಲ್ಲೇ ಬರೆದಿದ್ದಾರೆ.

ಇಲ್ಲಿ ಕಾರ್ಖಾನೆ ಕಟ್ಟುವ ಮಹತ್ವಾಕಾಂಕ್ಷೆಯೇ ಇಲ್ಲ ಎಂಬುದನ್ನು ಗಮನಿಸಿ. ಬಡ ಪ್ರಾಂತದ ಮಗುವಿಗೂ ಒಳ್ಳೆಯ ಶಾಲೆ ಸಿಗಲಿ, ಆಮೇಲೆ ಅದು ಊರಲ್ಲೇ ಉಳಿಯಲಿ ಅಥವಾ ಹೊರಡಲಿ ಎಂಬಷ್ಟೇ ಉದ್ದೇಶ. ಪ್ರದೇಶವೋ ಜನರೋ ಎಂಬ ಮೂಲ ಪ್ರಶ್ನೆ ಇಲ್ಲಿ ತನ್ನ ಮೊನಚನ್ನು ಕಳೆದುಕೊಳ್ಳುತ್ತದೆ, ಏಕೆಂದರೆ ಹಣ ಹೋಗುವುದು ಪ್ರದೇಶದ ಸರ್ಕಾರಕ್ಕೆ, ತಲುಪುವುದು ಎಲ್ಲಿಗೆ ಬೇಕಾದರೂ ಹೋಗಬಲ್ಲ ವ್ಯಕ್ತಿಗೆ.

ಇದರಿಂದ ಜಗಳ ಇಲ್ಲವಾಗಿದೆ ಎಂದಲ್ಲ. ತೈಲದಿಂದ ಶ್ರೀಮಂತವಾದ ಆಲ್ಬರ್ಟಾ 1960ರ ದಶಕದ ಮಧ್ಯಭಾಗದಿಂದ ಈ ಪಾವತಿಯನ್ನು ಪಡೆದಿಲ್ಲ. ಸಂವಿಧಾನದಿಂದ ಈ ತತ್ವವನ್ನೇ ತೆಗೆಯಬೇಕೇ ಎಂದು 2021ರಲ್ಲಿ ಅಲ್ಲಿ ಜನಮತ ಕೇಳಿದಾಗ ಸುಮಾರು 62 ಪ್ರತಿಶತ ಮತದಾರರು ಹೌದು ಎಂದರು. ಅದರಿಂದ ಕಾನೂನಿನಲ್ಲಿ ಏನೂ ಬದಲಾಗಲಿಲ್ಲವಾದರೂ ಅಸಮಾಧಾನದ ಆಳ ತಿಳಿಯಿತು. ಇದಕ್ಕೆ ಎದುರಾಗಿ ಒಂಟಾರಿಯೊ ಇದೆ. ದೇಶದ ಕೈಗಾರಿಕೆಯ ಬೆನ್ನೆಲುಬಾಗಿ ದಶಕಗಳ ಕಾಲ ಈ ಪಾವತಿಯ ಅಗತ್ಯವೇ ಇಲ್ಲದಿದ್ದ ಆ ಪ್ರಾಂತ, 2008ರ ಬಿಕ್ಕಟ್ಟಿನ ನಂತರ ಕಾರ್ಖಾನೆಗಳು ಸೊರಗಿದಾಗ ಸುಮಾರು ಹತ್ತು ವರ್ಷ ತಾನೇ ಈ ಪಾವತಿಯನ್ನು ಪಡೆಯಿತು.

ಮೊದಲ ಉತ್ತರ ಬರೆದವರಿಂದ

ವಲಸೆಯ ಪಾಲನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ನಿಜ, ಎರಡನೆಯ ಉತ್ತರದ ತಿದ್ದುಪಡಿಯನ್ನು ಒಪ್ಪುತ್ತೇನೆ. ಕೆನಡಾದ ವಿಷಯದಲ್ಲಿ ಮಾತ್ರ ಒಂದು ಸಂದೇಹ ಉಳಿಯುತ್ತದೆ. ಷರತ್ತಿಲ್ಲದ ಹಣ ಅಲ್ಲಿ ಕೆಲಸ ಮಾಡುವುದು ಪ್ರಾಂತದ ಆಡಳಿತ ಮೊದಲೇ ಸಮರ್ಥವಾಗಿರುವುದರಿಂದ. 1970ರ ದಶಕದ ದಕ್ಷಿಣ ಇಟಲಿಯ ಪ್ರಾದೇಶಿಕ ಸರ್ಕಾರಗಳ ಕೈಗೆ ಅದೇ ಸೂತ್ರದಂತೆ ಹಣ ಕೊಟ್ಟಿದ್ದರೆ ಶಾಲೆಗಳು ಸುಧಾರಿಸುತ್ತಿದ್ದವೋ ಗುತ್ತಿಗೆದಾರರೋ? ಬೋಟ್ಸ್ವಾನಾದ ಅಧಿಕಾರಿ ವರ್ಗ ಕಲಿತದ್ದು ಒಪ್ಪಂದಗಳನ್ನು ಮಾಡಿ ಮಾಡಿ, ಎಂದರೆ ಅಧಿಕಾರ ಕೈಯಲ್ಲಿ ಇದ್ದುದರಿಂದ. ಹಾಗೆ ನೋಡಿದರೆ ಸಾಮರ್ಥ್ಯ ಬರುವವರೆಗೆ ಹಣವನ್ನು ತಡೆಹಿಡಿಯುವುದೂ ಸರಿಯಲ್ಲ. ಈ ಎರಡರ ನಡುವಿನ ಕ್ರಮ ಹೇಗಿರಬೇಕು ಎಂಬ ಬಗ್ಗೆ ಆಡಳಿತದಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೆಯಬೇಕು.